ಬೂದು ಕಾರ್ಡು

ಹನ್ನೆರಡೂವರೆಗೆ ಯಾರೂ ಫೋಟೋ ತೆಗೆಯುವುದಿಲ್ಲ,
ಕಣ್ಣ ಕೆಳಗೆ ನೆರಳು ಕಾಡಿಗೆ ಬಳಿಯುವ ಹೊತ್ತು.
ನಾನು ಅದನ್ನೇ ಕೇಳಿ ಪಡೆದೆ:
ನೆತ್ತಿಗೆ ಬಿಸಿಲು, ಎದುರಿನಿಂದ ಫ್ಲ್ಯಾಷು,
ಜಾಲಿ ಮೊಹಲ್ಲಾದ ಒಂದು ಗುಜರಿ ಗೋದಾಮು,
ಬಾಗಿಲಿಗೆ ಇಳಿಬಿಟ್ಟ ನೀಲಿ ಟಾರ್ಪಾಲು.

ಕಂಪನಿಯವರು ಬರೆದು ಕಳಿಸಿದ್ದರು:
ಬಣ್ಣ ಕೂಗಬೇಕು, ಸುಳ್ಳು ಅನ್ನಿಸಬಾರದು.
ಬೀದಿ ಬೀದಿಯ ಹಾಗೇ ಇರಲಿ,
ಕಸ ಸ್ವಲ್ಪ ಒಪ್ಪವಾಗಿರಲಿ.
ಕೋಟು ಪೂರಾ ಚಿಂದಿ, ಪೂರಾ ಹತ್ತಿ,
ಭೂಮಿಗೆ ಭಾರವಿಲ್ಲ.
ಬೆಲೆ ಹದಿನೆಂಟು ಸಾವಿರ.

ರೋವೀನಾ ಅದನ್ನು ತೊಟ್ಟು
ಒಡೆದ ಕೊಡಗಳ ಗುಡ್ಡದ ಮುಂದೆ ನಿಂತಳು.
ಗಿಣಿಹಸಿರು, ಕುಂಕುಮ, ಒಂದು ಮಾತ್ರ
ಹಲ್ಲು ಬಿದ್ದ ಮಗುವಿನ ಒಸಡಿನ ಬಣ್ಣ.
ಜಬೀವುಲ್ಲಾ ಬೆಳಕಿನ ತಟ್ಟೆ ಎತ್ತಿದ.
ಅವಳ ಗಲ್ಲದ ಕೆಳಗೆ ಬೂದು ಕಾರ್ಡು ಹಿಡಿದು
ಮೊದಲು ಒಂದು ಕ್ಲಿಕ್ಕಿಸಿದೆ.
ತಕ್ಕಡಿಗೆ ಸೊನ್ನೆ ಇದ್ದ ಹಾಗೆ ಅದು;
ಅದು ಬೂದು ಅಂದರೆ ಬೂದು,
ಮಿಕ್ಕ ಬಣ್ಣಗಳು ತಂತಮ್ಮ ಜಾಗಕ್ಕೆ ಸರಿದು ಕೂರುತ್ತವೆ.

ಅಂಜಿನಮ್ಮ ಒಳಗೆ ಬಟ್ಟೆ ಆಯುತ್ತಿದ್ದಳು.
ಕಣ್ಣು ನಮ್ಮ ಮೇಲೆ, ಕೈಯೇ ನೋಡುತ್ತಿತ್ತು.
ಬಿಳಿದು ಒರೆಸುವುದಕ್ಕೆ, ಬಣ್ಣದ್ದು ಹಾಸಿಗೆಗೆ,
ಉಣ್ಣೆ ಪಾಣಿಪತ್ತಿಗೆ, ಗುಂಡಿ ಡಬ್ಬಕ್ಕೆ,
ಯಾವುದಕ್ಕೂ ಬಾರದ್ದು ಮೂಲೆಯ ಮೂಟೆಗೆ.
ಕೆಂಪಲ್ಲೇ ಏಳು ಕೆಂಪು ಅವಳಿಗೆ:
ಮೆಣಸಿನಕಾಯಿ, ಇಟ್ಟಿಗೆ, ಮದುವೆ,
ಮದುವೆ ಹಳತಾದದ್ದು.
ಉಳಿದ ಮೂರು ನನಗೆ ಹೇಳಲಿಲ್ಲ.

ಎದ್ದು ಬಂದಳು. ರೋವೀನಾಳ ತೋಳು ಹಿಡಿದು
ಹಳದಿ ಪಟ್ಟಿಯಿಂದ ಒಂದೆಳೆ ಕಿತ್ತಳು,
ಕಡ್ಡಿ ಗೀರಿದಳು.
ಹತ್ತಿ ಸುಟ್ಟರೆ ಕಾಗದದ ವಾಸನೆ,
ಊದಿದರೆ ಬೂದಿ.
ಇದು ಕುಗ್ಗಿತು, ಬೆವರಿತು, ಮುದುಡಿ
ಸಾಸಿವೆಯಷ್ಟು ಕರಿಮಣಿಯಾಗಿ
ಅವಳ ಉಗುರ ಮೇಲೆ ಕೂತಿತು.
“ಹತ್ತಿ ಅಂದ್ರಲ್ಲ?”

ಕಂಪನಿಯ ಹುಡುಗ ಫೋನಿನಲ್ಲಿ ಸಿಗ್ನಲ್ ಹುಡುಕಿದ.
ರೋವೀನಾ ನಕ್ಕು ಕುತ್ತಿಗೆ ಒರೆಸಿಕೊಂಡಳು,
“ಅದಕ್ಕೇ ಈ ಪಾಟಿ ಸೆಕೆ.”
ನಾನು ತೆಗೆದೆ:
ಉಗುರು, ಅದರ ಸುತ್ತ ಸವೆದ ಗೋರಂಟಿ, ಮಣಿ.
ಫ್ಲ್ಯಾಷಿಗೆ ಆ ಕರಿ ಎಷ್ಟು ಕರಿಯಾಗಿ ಹೊಳೆಯಿತೆಂದರೆ
ಹಿಂದಿನ ಅಷ್ಟೂ ಕೊಡಗಳು ದನಿ ತಗ್ಗಿಸಿದವು.
ನನ್ನ ಅಂಗಿಯಿಂದಲೂ ಒಂದೆಳೆ ಕೀಳಬಹುದಿತ್ತು.
ತೋಳಿನ ಗುಂಡಿ ಹಾಕಿಕೊಂಡೆ.

ಟೀ ಕುಡಿದು ಬಂದರೆ ಬೂದು ಕಾರ್ಡು ಇಲ್ಲ.
“ಅದಾ? ರಟ್ಟು ಅಂತ ಹಾಕ್ದೆ ತಾಯಿ,
ಕೇಜಿಗೆ ಹನ್ನೊಂದು.”
ರಟ್ಟಿನ ಕಟ್ಟು ಆಗಲೇ ಟೆಂಪೋ ಏರಿ
ಮೈಸೂರು ರಸ್ತೆ ಹಿಡಿದಿತ್ತು.

ಆಮೇಲಿನದೆಲ್ಲ ಟಾರ್ಪಾಲಿನ ಪಾಲು.
ರೋವೀನಾಳ ಹಲ್ಲು ನೀಲಿ, ಟೀ ಲೋಟ ನೀಲಿ,
ತೋಳಿನ ಹಳದಿ ಬಲಿಯದ ನಿಂಬೆಕಾಯಿ.
ರಾತ್ರಿ ಪರದೆಯ ಮುಂದೆ ಕೂತು
ಒಂದಿಷ್ಟು ಎಳೆದರೆ ಸರಿಹೋಗುತ್ತಿತ್ತು.
ಬೆರಳು ಇಟ್ಟೆ. ತೆಗೆದೆ.
ಆ ಗೋದಾಮಿನೊಳಗೆ ಇಪ್ಪತ್ತು ವರ್ಷ ಕೂತವಳಿಗೆ
ಅನ್ನದ ಬಿಳಿಯೂ ಇಷ್ಟು ನೀಲಿಯೇ ಇದ್ದೀತು.

ಕಂಪನಿ ಮೊದಲಿನ ನಲವತ್ತು ಆರಿಸಿಕೊಂಡಿತು.
ಉಗುರಿನದನ್ನು ದೊಡ್ಡದಾಗಿ ಪ್ರಿಂಟು ಹಾಕಿಸಿ
ಮುಂದಿನ ವಾರ ಅಂಜಿನಮ್ಮನಿಗೆ ಕೊಟ್ಟೆ.
ಅವಳು ಬೆಳಕಿಗೆ ಹಿಡಿದಳು, ಹಿಂದೆ ಮುಂದೆ ತಿರುಗಿಸಿದಳು,
ಒಂದು ಮೂಲೆ ತುಸು ಹರಿದು
ಹೆಬ್ಬೆರಳಲ್ಲಿ ತಿಕ್ಕಿ ನೋಡಿದಳು.

“ಇದು ರಟ್ಟಿಗೆ ಹೋಗಲ್ಲ.
ಮೇಲೆ ಪ್ಲಾಸ್ಟಿಕ್ ಐತೆ.”